ನಲವತ್ತಕ್ಕೆ ನಿಲ್ಲಬೇಕಿದ್ದ ಬೆಲೆ

ಅರ್ಥಶಾಸ್ತ್ರದಲ್ಲಿ ಫೇಲಾದವರನ್ನೆಲ್ಲ ಗುಡ್ಡೆ ಹಾಕುವುದಕ್ಕೆಂದೇ ಆ ಕಾಲೇಜಿನಲ್ಲಿ ಒಂದು ಕೋಣೆ ಇತ್ತು. ಎರಡನೇ ಮಹಡಿಯ ತುದಿಯಲ್ಲಿ, ನೀರಿನ ಟ್ಯಾಂಕಿಗೆ ಅಂಟಿಕೊಂಡಂತೆ. ಪಂಪು ಶುರುವಾದರೆ ಪಾಠ ಕೇಳಿಸುತ್ತಿರಲಿಲ್ಲ. ನಿಂತರೆ ಗೋಡೆಯಾಚೆ ನೀರು ತೊಟ್ಟಿಕ್ಕುವ ಸದ್ದಿಗೆ ನಿದ್ದೆ ಬರುತ್ತಿತ್ತು. ಕೋಣೆಗೊಂದು ನಂಬರು ಇದ್ದರೂ ಎಲ್ಲರ ಬಾಯಲ್ಲೂ ಅದು ‘ಗೋಡೌನು’. ಬಿಕರಿಯಾಗದೆ ಉಳಿದ ಮಾಲು ಇಡುವ ಜಾಗ ಎಂದು ಯಾರೋ ಪುಣ್ಯಾತ್ಮರು ಇಟ್ಟ ಹೆಸರು, ಹಾಗೇ ನಿಂತುಬಿಟ್ಟಿತ್ತು.

ಗೋಡೌನಿಗೆ ಪಾಠ ಹೇಳಲು ಬಂದವಳು ತಾತ್ಕಾಲಿಕ ನೇಮಕದ ಉಪನ್ಯಾಸಕಿ. ಕಾಯಂ ಮೇಷ್ಟ್ರುಗಳು ಯಾರೂ ಆ ಮಹಡಿ ಹತ್ತಲು ಒಪ್ಪಲಿಲ್ಲವಾದ್ದರಿಂದ ಕೆಲಸ ಇವಳ ಪಾಲಿಗೆ ಬಂತು. ಮಾತೆತ್ತಿದರೆ ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತಿದ್ದಳು. ಬಲಕ್ಕೆ ಇಳಿಯುವುದು ಬೇಡಿಕೆ, ಬಲಕ್ಕೆ ಏರುವುದು ಪೂರೈಕೆ, ಎರಡೂ ಕೂಡುವ ಕಡೆ ಬೆಲೆ. ಹೀಗಾಗಿ ಹುಡುಗರು ಅವಳನ್ನು ಗೆರೆ ಮೇಡಂ ಎಂದು ಕರೆದರು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಆ ಕಾಲೇಜಿನಲ್ಲಿ ಇಟ್ಟ ಹೆಸರುಗಳನ್ನೆಲ್ಲ ಕೇಳಿದರೆ ಅವಳದ್ದು ಎಷ್ಟೋ ವಾಸಿ.

ಸೂಕ್ಷ್ಮ ಅರ್ಥಶಾಸ್ತ್ರದ ಪೇಪರನ್ನು ಮೂರು ಸಲ ಬರೆದು ಮೂರು ಸಲವೂ ಫೇಲಾದ ಒಬ್ಬ ದಢೂತಿ ಹುಡುಗನಿಗೆ ಗೆಳೆಯರು ರಾಜಮರ್ಯಾದೆಯಿಂದ ‘ಮುಮ್ಮಡಿ’ ಎಂಬ ಬಿರುದು ಕೊಟ್ಟಿದ್ದರು. ಅವನ ತೊಂದರೆ ಒಂದೇ. ಬೆಲೆ ಏರಿತು ಎಂದರೆ ಸಾಕು, ರೇಖೆಯ ಮೇಲಿದ್ದ ಚುಕ್ಕೆಯನ್ನು ಮೇಲಕ್ಕೆ ಜಾರಿಸಿ ಕೈ ತೊಳೆದುಕೊಳ್ಳುತ್ತಿದ್ದ. ಬೆಲೆಯೊಂದೇ ಬದಲಾದರೆ ಚುಕ್ಕೆ ಸರಿಯುತ್ತದೆ, ಬೇರೆ ಏನೋ ಬದಲಾದರೆ ಇಡೀ ರೇಖೆಯೇ ಪಕ್ಕಕ್ಕೆ ಹೋಗುತ್ತದೆ ಎಂಬುದು ಅವನಿಗೆ ಕಬ್ಬಿಣದ ಕಡಲೆಯಾಗಿತ್ತು.

“ಗೆರೆ ಒಂದ್ಸಲ ಎಳೆದ ಮೇಲೆ ಅದು ಎದ್ದು ಓಡಾಡೋದು ಹೇಗೆ ಮೇಡಂ?” ಎಂದು ಒಂದು ದಿನ ಎದ್ದು ನಿಂತು ಕೇಳಿದ. ಕೊಂಕಿರಲಿಲ್ಲ ಆ ಪ್ರಶ್ನೆಯಲ್ಲಿ, ನಿಜವಾದ ಸಂಕಟ ಇತ್ತು. ಗೆರೆ ಮೇಡಂ ಪುಸ್ತಕದಲ್ಲಿದ್ದ ಉತ್ತರ ಹೇಳಿದಳು. ಅವನು ತಲೆಯಾಡಿಸಿ ಕೂತ. ಆ ತಲೆಯಾಡಿಸುವುದನ್ನು ನೋಡಿದರೇ ಗೊತ್ತಾಗುತ್ತಿತ್ತು, ಒಂದಕ್ಷರವೂ ಒಳಗೆ ಇಳಿದಿಲ್ಲ ಎಂದು.

ವಿಭಾಗದ ಮುಖ್ಯಸ್ಥರಿಗೆ ಹುಡುಗರು ಇಟ್ಟ ಹೆಸರು ‘ಚಿಲಕ’. ಗಂಟೆ ಹೊಡೆದ ಸದ್ದು ಅಡಗುವ ಮೊದಲೇ ತಮ್ಮ ತರಗತಿಯ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿಯುವವರು ಅವರು. ಆಮೇಲೆ ದೇವರೇ ಬಂದರೂ ಬಾಗಿಲು ತೆರೆಯುವುದಿಲ್ಲ. ಬಡಿದವರ ಹಾಜರಿ ಆ ತಿಂಗಳಿಡೀ ಗೋತಾ. ಇದನ್ನು ಶಿಸ್ತು ಎಂದು ಅವರೂ, ಕಾಟ ಎಂದು ಉಳಿದವರೂ ತಿಳಿದಿದ್ದರು. ಒಂದು ಸೋಮವಾರ ಅವರು ಗೆರೆ ಮೇಡಂಳನ್ನು ಕರೆಸಿಕೊಂಡರು.

“ಮೂವತ್ತೆರಡು ಜನಕ್ಕೆ ಒಂದು ಕೋಣೆ, ಒಬ್ಬ ಟೀಚರು. ಪಾಸಾಗೋರು ಕೈಬೆರಳಲ್ಲಿ ಎಣಿಸೋಷ್ಟು. ಮುಂದಿನ ಟರ್ಮಿಗೆ ಸಮಗ್ರ ಅರ್ಥಶಾಸ್ತ್ರ. ಒಂದು ಕೊಡೆ, ಒಂದು ಪೆನ್ನಿನ ಬೆಲೆ ಅರ್ಥ ಆಗದವರಿಗೆ ಇಡೀ ದೇಶದ ಆದಾಯ, ಹಣದುಬ್ಬರ ಎಲ್ಲಿಂದ ಅರ್ಥ ಆಗುತ್ತೆ, ಹೇಳಿ?”

“ಆಗುತ್ತೆ ಸರ್. ಸ್ವಲ್ಪ ಟೈಮ್ ಕೊಡಿ.”

“ಗುರುವಾರ ನಾನೇ ಬಂದು ಕೂತ್ಕೋತೀನಿ. ಇವರ ತಲೆಗೆ ಏನಾದ್ರೂ ಹೋಗಿದೆ ಅಂತ ತೋರಿಸಿ. ಇಲ್ಲಾಂದ್ರೆ ಈ ಬ್ಯಾಚೇ ಬೇಡ. ನೋಟ್ಸ್ ಪ್ರಿಂಟ್ ಮಾಡಿ ಕೈಗೆ ಕೊಟ್ಟು ಕಳಿಸಿಬಿಡೋಣ.”

“ಆಗ ನಾನು?”

“ಬ್ಯಾಚೇ ಇಲ್ದಿದ್ರೆ ಟೀಚರ್ ಯಾಕಮ್ಮ?” ಎಂದರು ಮುಖ್ಯಸ್ಥರು, ಸಿಟ್ಟೇನೂ ಇಲ್ಲದೆ.

ಅವಳು ಮೆಟ್ಟಿಲಿಳಿದು ಮನೆ ಕಡೆ ನಡೆದಳು. ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಉರಿದದ್ದು ಆ ‘ಕೈಗೆ ಕೊಟ್ಟು ಕಳಿಸಿಬಿಡೋಣ’ ಎಂಬ ಮಾತು. ಮನೆ ತಲುಪುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದಳು. ಗೆರೆ ಎಳೆದು ತೋರಿಸಿದ್ದು ಸಾಕು. ಗೋಡೌನಿನಲ್ಲೇ ಒಂದು ಸಂತೆ ಹೂಡುವುದು. ಬೆಲೆಯನ್ನು ಅವಳು ಹೇಳುವುದಿಲ್ಲ, ಹುಡುಗರೇ ಕೂಗಾಡಿ ಕಂಡುಕೊಳ್ಳಲಿ.

ಮನೆ ಎಂದರೆ ಎರಡು ಕೋಣೆ, ಒಂದು ಬಾಲ್ಕನಿ, ಮತ್ತು ಅತ್ತೆ. ಗಂಡ ರೈಲ್ವೆ ಗಾರ್ಡು. ವಾರದಲ್ಲಿ ಅರ್ಧ ದಿನ ಬಂದು ಹೋಗುವ ನೆಂಟ. ಅತ್ತೆ ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡಿ ನಿವೃತ್ತಳಾದವಳು. ಕತ್ತರಿ ಕೈಯಲ್ಲಿದ್ದರೆ ಅವಳ ಬಾಯಿಗೂ ಹರಿತ ಬರುತ್ತಿತ್ತು. ಸೊಸೆ ಬಣ್ಣದ ರಟ್ಟು ತಂದು ಮುಂದಿಟ್ಟಾಗ ಕನ್ನಡಕ ಏರಿಸಿ ಕೂತಳು.

“ಕೆಂಪು ಚೀಟಿ ಮಾರೋರಿಗೆ ಅತ್ತೆ. ಅದರ ಮೇಲೆ ಬರೆದಿರೋದು ಕೊಡೆಯ ಅಸಲು. ಅದಕ್ಕಿಂತ ಕಮ್ಮಿಗೆ ಮಾರೋ ಹಾಗಿಲ್ಲ. ನೀಲಿ ಚೀಟಿ ಕೊಳ್ಳೋರಿಗೆ. ಅದರ ಮೇಲಿರೋ ಬೆಲೆಗಿಂತ ಜಾಸ್ತಿ ಕೊಡೋ ಹಾಗಿಲ್ಲ. ಚೀಟಿ ಯಾರಿಗೂ ತೋರಿಸಬಾರದು.”

“ಕೊಡೆ ಎಲ್ಲಿ?”

“ಕೊಡೆ ಇಲ್ಲ. ಇದೆ ಅಂದ್ಕೊಳ್ಳೋದು.”

“ಇಲ್ಲದಿರೋ ಕೊಡೇನ ಇಲ್ಲದಿರೋ ದುಡ್ಡಿಗೆ ಮಾರೋದು! ಇದಕ್ಕಾ ತಾಯಿ ನೀನು ಎಂ.ಎ. ಮಾಡಿದ್ದು?” ಎಂದಳು ಅತ್ತೆ. ಮಾತು ಹಾಗೆ, ಕೆಲಸ ಮಾತ್ರ ನೂಲು ಹಿಡಿದಂತೆ. ಮೂವತ್ತೆರಡು ಚೀಟಿಗಳನ್ನೂ ಒಂದೇ ಅಳತೆಗೆ ಕತ್ತರಿಸಿ, ಕೆಂಪು ಹದಿನಾರು, ನೀಲಿ ಹದಿನಾರು ಬೇರೆ ಬೇರೆ ಮಾಡಿ, ಚಿಕ್ಕ ಅಂಕಿಯಿಂದ ದೊಡ್ಡ ಅಂಕಿಗೆ ಸಾಲಾಗಿ ಜೋಡಿಸಿ ರಬ್ಬರ್ ಬ್ಯಾಂಡು ಹಾಕಿ ಕೊಟ್ಟಳು. ಕಾರ್ಖಾನೆಯಲ್ಲಿ ಅಳತೆವಾರು ಕಟ್ಟು ಕಟ್ಟಿ ಅಭ್ಯಾಸವಾದ ಕೈ ಅದು.

ಬುಧವಾರ ಗೆರೆ ಮೇಡಂ ಮರುದಿನದ ಸಂತೆಗೆ ಚೀಟಿ ಹಂಚಿದಳು. ಏನೇ ಹಂಚಿದರೂ ಕೊನೆಯ ಬೆಂಚಿಗೆ ಕೊನೆಗೇ ಸಿಗುತ್ತದೆ, ಇವತ್ತಾದರೂ ಅವರಿಗೆ ಮೊದಲು ಸಿಗಲಿ ಎಂದು ಹಿಂದಿನಿಂದ ಶುರು ಮಾಡಿದಳು. ಕೊನೆಯ ಬೆಂಚಿನಲ್ಲಿ ಕೂರುವ ಆರು ಜನ ಬೆಳಗಿನ ಹೊತ್ತು ಪಾರ್ಸೆಲ್ ಕಂಪನಿಯಲ್ಲಿ ಡಬ್ಬಿ ವಿಂಗಡಿಸಿ, ಅಲ್ಲಿಂದ ಸೀದಾ ಒಂದೇ ಬಸ್ಸಿನಲ್ಲಿ ಬರುವವರು. ಅವರಿಗೆ ‘ಪಾರ್ಸೆಲ್ ಗ್ಯಾಂಗು’ ಎಂದೇ ಹೆಸರು. ಕೆಂಪು ಕಟ್ಟಿನ ಮೇಲಿನ ಆರು ಚೀಟಿ ಅವರ ಕೈ ಸೇರಿದವು. ಚೀಟಿಗಳನ್ನು ಕಲಸಿ ಹಂಚಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಅತ್ತೆ ಕಟ್ಟಿದ ಕಟ್ಟು ಅಷ್ಟು ಚೆಂದವಿತ್ತು.

ಗುರುವಾರ ಮುಖ್ಯಸ್ಥರು ಗಂಟೆಗೆ ಮುಂಚೆಯೇ ಮಹಡಿ ಹತ್ತಿ ಬಂದರು. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಡುವೆ ಜಾಗ ಮಾಡಲಾಗಿತ್ತು. ಹುಡುಗರು, ಹುಡುಗಿಯರು ನಿಂತು ಗಿಜಿಗುಡುತ್ತಿದ್ದರು. ಗೆರೆ ಮೇಡಂಗೆ ಆ ಗದ್ದಲ ನೋಡಿಯೇ ಧೈರ್ಯ ಉಕ್ಕಿಬಂತು. ಉಕ್ಕಿದ ಧೈರ್ಯದಲ್ಲಿ ಬಾಯಿಯೂ ಸ್ವಲ್ಪ ಜಾರಿತು.

“ಬೆಲೆ ನಲವತ್ತಕ್ಕೆ ಬಂದು ನಿಲ್ಲುತ್ತೆ ಸರ್. ಹದಿನಾಲ್ಕು ಕೊಡೆ ಮಾರಾಟ ಆಗುತ್ತೆ. ನಾನು ಬಾಯಿ ಬಿಡಲ್ಲ, ಅವರೇ ಅಲ್ಲಿಗೆ ತಲುಪ್ತಾರೆ.”

“ನಲವತ್ತು, ಹದಿನಾಲ್ಕು. ನೋಡೋಣ,” ಎಂದರು ಮುಖ್ಯಸ್ಥರು. ಗಂಟೆ ಹೊಡೆಯಿತು. ಅವರ ಕೈ ತಾನಾಗಿಯೇ ಬಾಗಿಲಿಗೆ ಹೋಗಿ ಚಿಲಕ ಜಡಿಯಿತು. ಆಮೇಲೆ ಹಿಂದಿನ ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೈಕಟ್ಟಿ ಕೂತರು.

ಸಂತೆ ಶುರುವಾಯಿತು. ಪ್ರತಿ ಸುತ್ತಿಗೂ ಅದೇ ಚೀಟಿ, ಒಬ್ಬರಿಗೆ ಒಂದೇ ಕೊಡೆ. ಮೊದಲ ಸುತ್ತಿನಲ್ಲಿ ತಲೆಬುಡವಿಲ್ಲ. ಒಬ್ಬಳು ಮೂವತ್ತಕ್ಕೆ ಮಾರಿ ನಾಲಿಗೆ ಕಚ್ಚಿಕೊಂಡಳು, ಒಬ್ಬ ಅರವತ್ತೈದಕ್ಕೆ ಕೊಂಡು ಗೆಳೆಯರಿಂದ ಬೈಸಿಕೊಂಡ. ವ್ಯಾಪಾರ ಕುದುರಿದವರು ಬಂದು ಬೋರ್ಡಿನ ಮೇಲೆ ಬೆಲೆ ಬರೆಯಬೇಕು. ಬೋರ್ಡು ನೋಡುತ್ತಾ ನೋಡುತ್ತಾ ಎಲ್ಲರೂ ಚುರುಕಾದರು. ಎರಡನೇ ಸುತ್ತಿಗೆ ಅಗ್ಗಕ್ಕೆ ಕೊಡುವ ದಡ್ಡರೂ ಇಲ್ಲ, ದುಬಾರಿಗೆ ಕೊಳ್ಳುವ ದಾನಶೂರರೂ ಇಲ್ಲ. ಮೂರನೇ ಸುತ್ತಿನಲ್ಲಿ ಬೋರ್ಡಿನ ಮೇಲೆ ಬಿದ್ದದ್ದು ನಲವತ್ತೆಂಟು, ನಲವತ್ತೇಳು, ನಲವತ್ತೆಂಟು, ಮತ್ತೆ ನಲವತ್ತೆಂಟು. ಹತ್ತು ವ್ಯಾಪಾರಕ್ಕೆ ಸಂತೆ ನಿಂತೇಹೋಯಿತು. ಮುಮ್ಮಡಿ ಒಬ್ಬ ಮಾತ್ರ ನೀಲಿ ಚೀಟಿ ಎದೆಗೆ ಒತ್ತಿಕೊಂಡು “ನಂಗೊಂದು ಕೊಡೆ ಕೊಡ್ರೋ” ಎಂದು ಮೂರು ಸುತ್ತಿನಿಂದ ಗಂಟಲು ಹರಿದುಕೊಂಡರೂ ಯಾರೂ ಕ್ಯಾರೆ ಅನ್ನಲಿಲ್ಲ.

ಗೆರೆ ಮೇಡಂ ಬೋರ್ಡು ನೋಡಿ ಬೆವತುಹೋದಳು. ನಲವತ್ತು ಎಲ್ಲಿ, ನಲವತ್ತೆಂಟು ಎಲ್ಲಿ! ಮನಸ್ಸಿನಲ್ಲೇ ಲೆಕ್ಕ ಮತ್ತೆ ಮಾಡಿದಳು, ಮತ್ತೆ ನಲವತ್ತೇ ಬಂತು.

“ನಲವತ್ತು ಅಂದಿದ್ರಿ,” ಎಂದರು ಮುಖ್ಯಸ್ಥರು ಹಿಂದಿನಿಂದ. “ಹದಿನಾಲ್ಕು ಅಂದಿದ್ರಿ. ಇಲ್ಲಿ ಹತ್ತೇ ಆಗಿದೆ.”

“ಸರ್, ಅದು...”

“ನೀವು ಸುಮ್ನಿರಿ. ಬಾಯಿ ಬಿಡಲ್ಲ ಅಂತ ನೀವೇ ಹೇಳಿದ್ದು.” ಅವರು ತರಗತಿಯ ಕಡೆ ತಿರುಗಿದರು. “ನಿಮ್ಮ ಮೇಡಂ ಲೆಕ್ಕದ ಪ್ರಕಾರ ಬೆಲೆ ನಲವತ್ತು, ವ್ಯಾಪಾರ ಹದಿನಾಲ್ಕು ಆಗ್ಬೇಕಿತ್ತು. ಯಾಕಾಗ್ಲಿಲ್ಲ? ಯಾರಾದ್ರೂ ಹೇಳ್ತೀರಾ?”

ಅಷ್ಟರಲ್ಲಿ ಮುಮ್ಮಡಿ ಗುಂಪನ್ನು ಸೀಳಿಕೊಂಡು ಮುಂದೆ ಬಂದ. ಗೆರೆ ಮೇಡಂ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಮೂವತ್ತೆರಡು ಜನರಲ್ಲಿ ಇವನೇ ಆಗಬೇಕಿತ್ತೆ! ಅವನು ಸೀಮೆಸುಣ್ಣ ಎತ್ತಿಕೊಂಡು ಎರಡು ಗೆರೆ ಎಳೆದ. ಅವು ಕೂಡಿದ ಕಡೆ ನಲವತ್ತು ಎಂದು ಬರೆದ. ಆಮೇಲೆ, ಅವಳು ಹೆದರಿದ್ದಂತೆಯೇ, ಚುಕ್ಕೆಯನ್ನು ಪೂರೈಕೆಯ ರೇಖೆಯ ಮೇಲೆ ನಲವತ್ತೆಂಟಕ್ಕೆ ಜಾರಿಸಿದ.

“ಕೊಳ್ಳೋರಿಗೆ ಆಸೆ ಜಾಸ್ತಿ ಆಗಿದೆ ಸರ್. ಅದಕ್ಕೆ ಬೆಲೆ ಏರಿದೆ.”

“ಹಾಗಾದ್ರೆ ವ್ಯಾಪಾರಾನೂ ಜಾಸ್ತಿ ಆಗ್ಬೇಕಿತ್ತಲ್ವೋ?” ಎಂದಳು ಮುಂದೆ ನಿಂತಿದ್ದ ಒಬ್ಬಳು. ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು ಅವಳು, ಸುತ್ತಿಬಳಸಿ ಮಾತಾಡುವ ಜಾಯಮಾನ ಅಲ್ಲ. “ನಿನ್ ಚುಕ್ಕೆ ನೋಡು, ಬಲಕ್ಕೆ ಹೋಗಿದೆ. ಹದಿನಾಲ್ಕು ದಾಟಿದೆ. ಇಲ್ಲಿ ಆಗಿರೋದು ಹತ್ತೇ ಹತ್ತು.”

ಮುಮ್ಮಡಿ ಬೋರ್ಡನ್ನು ನೋಡಿದ. ಚುಕ್ಕೆಯನ್ನು ನೋಡಿದ. ತನ್ನ ಕೈಯ ಚೀಟಿ ನೋಡಿದ. ‘ರೇಖೆ ಸರಿಸೋ’ ಎಂಬ ಮಾತು ಗೆರೆ ಮೇಡಂ ನಾಲಿಗೆ ತುದಿಗೆ ಬಂತು, ಕಷ್ಟಪಟ್ಟು ನುಂಗಿಕೊಂಡಳು.

“ಬೆಲೆ ಮೇಲೆ,” ಎಂದು ಗೊಣಗಿದ ಮುಮ್ಮಡಿ. “ವ್ಯಾಪಾರ ಕೆಳಗೆ. ಎರಡೂ ಒಟ್ಟಿಗೆ. ಈ ಗೆರೆ ಮೇಲೆ ಎಲ್ಲಿಗೆ ಹೋದ್ರೂ ಆ ಜಾಗ ಸಿಗಲ್ಲ.” ಅಂಗೈಯಿಂದ ಇಡೀ ಪೂರೈಕೆಯ ರೇಖೆಯನ್ನು ಉಜ್ಜಿ ಅಳಿಸಿದ. ಕೈಗೆ ಮೆತ್ತಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಎಡಗಡೆ, ಒಂದು ಗೇಣು ಆಚೆ, ಬೇರೆಯೇ ರೇಖೆ ಎಳೆದ. ಅದು ಬೇಡಿಕೆಯ ರೇಖೆಯನ್ನು ಸರಿಯಾಗಿ ನಲವತ್ತೆಂಟರ ಎತ್ತರದಲ್ಲಿ, ಹತ್ತರ ಮೇಲೆ ಕತ್ತರಿಸಿತು.

“ಗೆರೆ ಎದ್ದು ಓಡಾಡಿದೆ ಮೇಡಂ!” ಎಂದು ಕಿರುಚಿದ. ಮುಖ್ಯಸ್ಥರು ಕೂತಿರುವುದು ಅವನಿಗೆ ಮರೆತೇಹೋಗಿತ್ತು. “ಮಾರೋರೇ ಕಮ್ಮಿ ಆಗಿದ್ದಾರೆ! ಅದೂ ಅಗ್ಗಕ್ಕೆ ಮಾರೋರು. ಅದಕ್ಕೇ ನಂಗೆ ಕೊಡೆ ಸಿಕ್ಕಿಲ್ಲ!”

“ಎಷ್ಟು ಕಮ್ಮಿ?” ಎಂದರು ಮುಖ್ಯಸ್ಥರು. ಅವರ ದನಿಯಲ್ಲಿ ಈಗ ವ್ಯಂಗ್ಯ ಇರಲಿಲ್ಲ. ಕಟ್ಟಿದ್ದ ಕೈ ಬಿಚ್ಚಿ ಮುಂದಕ್ಕೆ ಬಾಗಿದ್ದರು.

ಮುಮ್ಮಡಿ ಕ್ಷಣ ತಡೆದು ಜನರ ಕಡೆ ತಿರುಗಿದ. “ನಲವತ್ತು ಕೊಟ್ರೆ ಕೊಡೆ ಮಾರೋರು ಕೈ ಎತ್ರಪ್ಪಾ.” ಎಂಟು ಕೈ ಎದ್ದವು. “ನಲವತ್ತಕ್ಕೆ ಸಿಕ್ರೆ ಕೊಳ್ಳೋರು?” ಹದಿನಾಲ್ಕು ಕೈ ಎದ್ದವು. ಅದರಲ್ಲಿ ಒಂದು ಅವನದೇ.

“ಆರು ಜನ ಸರ್. ಅಗ್ಗಕ್ಕೆ ಮಾರೋ ಆರು ಜನ ಇಲ್ಲಿ ಇಲ್ಲ.”

“ಪಾರ್ಸೆಲ್ ಗ್ಯಾಂಗ್ ಎಲ್ರೋ?” ಎಂದು ಟೈಪಿಸ್ಟ್ ಸುತ್ತ ನೋಡಿದಳು.

ಎಲ್ಲರ ಕಣ್ಣೂ ಒಟ್ಟಿಗೆ ಬಾಗಿಲ ಕಡೆ ಹೋದವು. ಅಲ್ಲಿಂದ ಚಿಲಕದ ಕಡೆ, ಚಿಲಕದಿಂದ ಮುಖ್ಯಸ್ಥರ ಕಡೆ. ನಗು ಬಂದರೂ ಯಾರೂ ನಗುವ ಧೈರ್ಯ ಮಾಡಲಿಲ್ಲ. ಗೆರೆ ಮೇಡಂಗೆ ಅತ್ತೆಯ ಚೆಂದದ ಕಟ್ಟು, ಅದರ ಮೇಲಿನ ಆರು ಚೀಟಿ, ಎಲ್ಲ ಈಗ ಕಣ್ಣಿಗೆ ಕಟ್ಟಿತು. ಹತ್ತು, ಹತ್ತು, ಹದಿನೈದು, ಹದಿನೈದು, ಇಪ್ಪತ್ತು, ಇಪ್ಪತ್ತು. ತಾನೇ ತನ್ನ ಕೈಯಾರೆ ಅಗ್ಗದ ಮಾಲನ್ನೆಲ್ಲ ಒಂದೇ ಬೆಂಚಿಗೆ ತುಂಬಿಬಿಟ್ಟಿದ್ದಳು.

ಮುಖ್ಯಸ್ಥರು ಎದ್ದರು. ನಿಧಾನವಾಗಿ ಬಾಗಿಲವರೆಗೆ ನಡೆದರು. ಗಂಟೆ ಹೊಡೆದ ಮೇಲೆ ಅವರು ಚಿಲಕ ತೆಗೆದದ್ದನ್ನು ಕಂಡವರು ಆ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಆ ದಿನ ಇಡೀ ಗೋಡೌನು ಕಂಡಿತು. ಹೊರಗೆ ಪಡಸಾಲೆಯ ನೆಲದ ಮೇಲೆ ಪಾರ್ಸೆಲ್ ಕಂಪನಿಯ ಕಂದು ಅಂಗಿ ತೊಟ್ಟ ಆರು ಜನ ಸಾಲಾಗಿ ಕೂತಿದ್ದರು. ಬಡಿದರೆ ಹಾಜರಿ ಹೋಗುತ್ತದೆ, ಎದ್ದು ಹೋದರೆ ಮೇಡಂ ಮರ್ಯಾದೆ ಹೋಗುತ್ತದೆ ಎಂದು ಉಸಿರು ಬಿಗಿಹಿಡಿದು ಕೂತಿದ್ದರಂತೆ. ಒಬ್ಬೊಬ್ಬರ ಕೈಯಲ್ಲೂ ಕೆಂಪು ಚೀಟಿ.

“ಬಸ್ಸು ಕೈಕೊಡ್ತು ಸರ್,” ಎಂದ ಅವರಲ್ಲಿ ಹಿರಿಯ, ಗಾಬರಿಯಿಂದ ಎದ್ದು ನಿಂತು.

“ಒಳಗೆ ಬನ್ನಿ. ಆರು ಕೊಡೆ ಬೇಕಾಗಿವೆ,” ಎಂದರು ಮುಖ್ಯಸ್ಥರು.

ಗೋಡೌನು ಆರ್ಭಟಿಸಿತು. ನಾಲ್ಕನೇ ಸುತ್ತು ಎಂದರೆ ಸುತ್ತೇ! ಪಾರ್ಸೆಲ್ ಗ್ಯಾಂಗಿನವರು ಬಂದವರೇ ನಲವತ್ತೈದು ಎಂದರು, ನಲವತ್ತಮೂರು ಎಂದರು. ಇಷ್ಟು ಹೊತ್ತೂ ಬೀಗುತ್ತಿದ್ದ ಮಾರಾಟಗಾರರ ಮುಖ ಸಣ್ಣಗಾಯಿತು. ಬೋರ್ಡಿನ ಮೇಲೆ ಬೆಲೆ ಮೆಟ್ಟಿಲಿಳಿಯುತ್ತಾ ಬಂತು. ನಲವತ್ತೆರಡು. ನಲವತ್ತೊಂದು. ನಲವತ್ತು. ನಲವತ್ತು. ಗೆರೆ ಮೇಡಂ ಬೋರ್ಡಿನ ಪಕ್ಕದಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಇಷ್ಟು ವರ್ಷ ಸಾವಿರ ಸಲ ಎಳೆದ ಗೆರೆಗಳು ಮೊದಲ ಸಲ ಅವಳ ಕಣ್ಣೆದುರಿಗೇ ಕೈಕಾಲು ಬಂದು ನಡೆದಾಡುತ್ತಿದ್ದವು.

ಹದಿಮೂರು ವ್ಯಾಪಾರ ಆಗಿ ಒಂದು ಗಳಿಗೆ ಎಲ್ಲವೂ ನಿಂತಿತು. ಉಳಿದವರಲ್ಲಿ ಅಸಲು ನಲವತ್ತಕ್ಕಿಂತ ಹೆಚ್ಚಿಲ್ಲದವಳು ಒಬ್ಬಳೇ. ನಲವತ್ತು ಕೊಡಬಲ್ಲವನು ಒಬ್ಬನೇ, ಮುಮ್ಮಡಿ. ಇಬ್ಬರೂ ಎದುರುಬದುರು ನಿಂತರು.

“ನನ್ ಅಸಲೇ ನಲವತ್ತು ಕಣೋ. ನಲವತ್ತಕ್ಕೆ ಕೊಟ್ರೆ ಒಂದು ಬಿಡಿಗಾಸೂ ಲಾಭ ಇಲ್ಲ.”

“ನನ್ ಚೀಟೀಲಿರೋದೂ ನಲವತ್ತೇ ಕಣೇ. ನಂಗೂ ಲಾಭ ಇಲ್ಲ. ಆದ್ರೂ ಕೊಡೆ! ಮೂರು ಸುತ್ತು ನೆನೆದಿದ್ದೀನಿ.”

ಅವಳು ನಕ್ಕು ಕೈಚಾಚಿದಳು. ಮುಮ್ಮಡಿ ಕೈ ಕುಲುಕಿದ. ಬೋರ್ಡಿಗೆ ಓಡಿ ಹದಿನಾಲ್ಕನೆಯ ನಲವತ್ತನ್ನು ಎಲ್ಲಕ್ಕಿಂತ ದಪ್ಪಗೆ ಬರೆದ. ಪಾರ್ಸೆಲ್ ಗ್ಯಾಂಗು ಅವನನ್ನು ಹೆಗಲ ಮೇಲೆ ಎತ್ತಲು ನೋಡಿ, ಅವನ ತೂಕಕ್ಕೆ ಸೋತು, ಅಲ್ಲೇ ನಿಂತ ಹಾಗೇ ಬೆನ್ನು ಗುದ್ದಿತು. ಪಕ್ಕದ ಟ್ಯಾಂಕಿನ ಪಂಪು ಶುರುವಾಗಿದ್ದು ಯಾರಿಗೂ ಕೇಳಿಸಲಿಲ್ಲ.

ಮುಖ್ಯಸ್ಥರು ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಹಳೆಯ ರೇಖೆ ಅಳಿಸಿದ ಜಾಗದಲ್ಲಿ ಮುಮ್ಮಡಿಯ ಅಂಗೈ ಗುರುತು ಇನ್ನೂ ಇತ್ತು. “ಇದನ್ನ ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ,” ಎಂದರು, ಅವಳಿಗಷ್ಟೇ ಕೇಳಿಸುವಂತೆ. “ನನ್ನ ತರಗತೀಲಿ ಇಷ್ಟು ಜೋರಾಗಿ ಯಾರೂ ಅರ್ಥ ಮಾಡ್ಕೊಂಡಿಲ್ಲ.” ಆಮೇಲೆ ಗಂಟಲು ಸರಿ ಮಾಡಿಕೊಂಡು ಎಲ್ಲರಿಗೂ ಕೇಳಿಸುವಂತೆ ಕೇಳಿದರು. “ಮುಂದಿನ ಟರ್ಮು ಈ ಬ್ಯಾಚಿಗೆ ಸಮಗ್ರ ಅರ್ಥಶಾಸ್ತ್ರ ಎಲ್ಲಿಂದ ಶುರು ಮಾಡ್ತೀರಿ ಮೇಡಂ?”

ಪ್ರಶ್ನೆಯ ಒಳಗೆ ಏನಿದೆ ಎಂದು ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಕಣ್ಣು ತುಂಬಿಬಂದು, ತಡಬಡಾಯಿಸಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

“ನಿರುದ್ಯೋಗದಿಂದ, ಸರ್.”

“ಅದು ಕೊನೇಗಿರಲಿ,” ಎಂದರು ಮುಖ್ಯಸ್ಥರು. “ಸದ್ಯಕ್ಕೆ ನಿಮಗೆ ಅದರ ಅನುಭವ ಸಿಗೋ ಹಾಗೆ ಕಾಣಲ್ಲ.”

ಮೂವತ್ತೆರಡು ಜನರ ಕೂಗು ಕೆಳಗಿನ ಮಹಡಿಯವರೆಗೂ ಕೇಳಿಸಿತು. ಗೆರೆ ಮೇಡಂ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು, “ಎಲ್ಲರೂ ಬೆಂಚು ಎಳ್ಕೊಂಡು ಕೂತ್ಕೊಳ್ಳಿ, ಇನ್ನೂ ಟೈಮಿದೆ,” ಎಂದಳು.